ಆಕ್ಟೋಪಸ್ ಕಾಲಿನ ತುದಿ

ಆಕ್ಟೋಪಸ್ ಕಾಲಿನ ಒಂದು ತುದಿಯನ್ನು ತಿಂದಳೆಂದು ತಟ್ಟೆ ತೊಳೆಯುವ ಹೆಂಗಸನ್ನು ಮಂಗಳವಾರ ಕೆಲಸದಿಂದ ತೆಗೆದರು. ತುದಿಯೆಂದರೆ ಕಿರುಬೆರಳಿನ ಅರ್ಧದಷ್ಟು. ಆ ಹೋಟೆಲಿನ ತೊಟ್ಟಿಯ ಮುಂದೆ ಅವಳು ನಿಂತು ಒಂಬತ್ತು ವರ್ಷವಾಗಿತ್ತು. ಮಧ್ಯಾಹ್ನದ ಗಿರಾಕಿಗಳು ಬರುವ ಮೊದಲೇ ಅವಳ ರಬ್ಬರ್ ಏಪ್ರನ್ ಬಿಚ್ಚಿಸಿಕೊಂಡು ಹಿಂಬಾಗಿಲಿಂದ ಕಳಿಸಿದರು.

ಆ ತುದಿಯನ್ನು ಅವಳ ಕೈಗೆ ಕೊಟ್ಟವನು ನಾಲ್ಕು ಹೆಜ್ಜೆ ಆಚೆ ಕೆಂಡದ ಮುಂದೆ ನಿಂತಿದ್ದ. ಅವನು ಬಾಯಿ ಬಿಡಲಿಲ್ಲ.

ಅವನನ್ನು ಎಲ್ಲರೂ ಕೆಂಡಣ್ಣ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಕೆಂಡದ ಒಲೆಯ ಮುಂದೆ ನಿಂತು ನಿಂತು ಅವನ ಬಲಗೈಯಲ್ಲಿ ಒಂದು ಕೂದಲೂ ಉಳಿದಿರಲಿಲ್ಲ. ಎಡಗೈ ಮಾತ್ರ ಕರಡಿಯದು. ಹೋಟೆಲಿಗೆ ಜನ ಬರುತ್ತಿದ್ದದ್ದು ಅವನು ಮಾಡುವ ಎರಡೇ ಎರಡು ಪದಾರ್ಥಕ್ಕೆ: ಕೆಂಡದಲ್ಲಿ ಸುಟ್ಟ ಆಕ್ಟೋಪಸ್ ಮತ್ತು ಪೋರ್ಚುಗೀಸ್ ಕೋಳಿ. ಪಟ್ಟಿಯಲ್ಲಿದ್ದ ಉಳಿದದ್ದೆಲ್ಲ ಲೆಕ್ಕಕ್ಕುಂಟು ಆಟಕ್ಕಿಲ್ಲ.

ಆ ಹೆಂಗಸಿಗೆ ನೊರೆಯಕ್ಕ ಎಂದು ಹೆಸರಿಟ್ಟವನೂ ಅವನೇ. ಬೆಳಿಗ್ಗೆಯಿಂದ ಸಂಜೆಯವರೆಗೆ ಮೊಣಕೈವರೆಗೂ ನೊರೆ ಮೆತ್ತಿಕೊಂಡೇ ಇರುತ್ತಿದ್ದಳು. ಮೂಗು ತುರಿಸಿದರೆ ಭುಜಕ್ಕೆ ಉಜ್ಜಿಕೊಳ್ಳುವಷ್ಟು ಅಭ್ಯಾಸ.

ಈಗ ಅಸಲು ವಿಷಯ. ಎರಡು ವರ್ಷದ ಹಿಂದೆ ಕೆಂಡಣ್ಣನಿಗೆ ಒಂದು ಜ್ವರ ಬಂತು. ಹನ್ನೆರಡು ದಿನ ಮಲಗಿದ. ಜ್ವರ ಹೋಗುವಾಗ ಬರಿಗೈಯಲ್ಲಿ ಹೋಗಲಿಲ್ಲ, ಮೂಗನ್ನೂ ನಾಲಿಗೆಯನ್ನೂ ಎತ್ತಿಕೊಂಡು ಹೋಯಿತು. ಉಪ್ಪು ಹಾಕಿದರೂ ಒಂದೇ, ಸಕ್ಕರೆ ಹಾಕಿದರೂ ಒಂದೇ. ಮೆಣಸಿನಕಾಯಿಯ ಖಾರ ಮಾತ್ರ ಉರಿಯಾಗಿ ತಿಳಿಯುತ್ತಿತ್ತು. ಅದು ರುಚಿಯಲ್ಲ, ಪೆಟ್ಟು. ವೈದ್ಯರು "ಬಂದರೂ ಬರಬಹುದು" ಎಂದರು. ಬರಲಿಲ್ಲ. ಹೆಂಡತಿಗೆ ಬಿಟ್ಟರೆ ಯಾರಿಗೂ ಹೇಳಲಿಲ್ಲ. ಐವತ್ತಮೂರು ವರ್ಷದ, ನಾಲಿಗೆ ಸತ್ತ ಅಡುಗೆಯವನನ್ನು ಯಾವ ಹೋಟೆಲು ಇಟ್ಟುಕೊಳ್ಳುತ್ತದೆ? ಕುಂಟ ಕಾವಲುಗಾರನನ್ನಾದರೂ ಇಟ್ಟುಕೊಂಡಾರು.

ಅದನ್ನು ಮೊದಲು ಪತ್ತೆ ಮಾಡಿದ್ದು ನೊರೆಯಕ್ಕ, ಅದೂ ತೊಟ್ಟಿಯ ಮುಂದೆ ನಿಂತುಕೊಂಡೇ. ಹೇಗೆ ಎಂದರೆ, ತಟ್ಟೆ ಓದಿ. ಗಿರಾಕಿ ಬಾಯಿತುಂಬ "ಬಹಳ ಚೆನ್ನಾಗಿತ್ತು" ಎಂದು ಹೇಳಿ ಹೋಗುತ್ತಾನೆ. ಅವನ ತಟ್ಟೆ ಸುಳ್ಳು ಹೇಳುವುದಿಲ್ಲ. ಕಾಲನ್ನು ಒಂದು ಸಲ ಕಚ್ಚಿ ಬಿಟ್ಟಿದ್ದರೆ ಉಪ್ಪು ಹೆಚ್ಚಾಗಿದೆ. ಹಿಂಡಿದ ನಿಂಬೆಹೋಳು ಕಾಗದದಂತೆ ಒಣಗಿದ್ದರೆ ಹುಳಿ ಸಾಲದು. ಕೋಳಿಯ ಮೂಳೆ ಮುತ್ತಿನಂತೆ ಬೆಳ್ಳಗಿದ್ದರೆ ಎಲ್ಲ ಸರಿಯಾಗಿದೆ. ಒಂದು ವಾರ ತಟ್ಟೆಗಳನ್ನು ನೋಡಿ, ಎಂಟನೆಯ ದಿನ ಒಲೆಯ ಹತ್ತಿರ ಬಂದು ಮೆಲ್ಲಗೆ ಕೇಳಿದ್ದಳು:

"ಅಣ್ಣ, ಬಾಯಿ ಕೆಟ್ಟಿದೆಯಾ?"

ಅವನು ಕಣ್ಣು ಒರೆಸಿಕೊಂಡು ತಪ್ಪನ್ನು ಹೊಗೆಯ ಮೇಲೆ ಹಾಕಿದ್ದ.

ಅಂದಿನಿಂದ ಅವಳೇ ಅವನ ನಾಲಿಗೆ. ಆಕ್ಟೋಪಸ್ ಕಾಲಿನ ತುದಿ ಹೇಗೂ ಎಲ್ಲಕ್ಕಿಂತ ಮೊದಲು ಸುಡುತ್ತದೆ, ಸುರುಳಿ ಸುತ್ತಿ ಕರ್ರಗಾಗುತ್ತದೆ. ಗಿರಾಕಿಯ ತಟ್ಟೆಗೆ ಹೋಗುವ ಪೈಕಿಯಲ್ಲ. ಅದನ್ನು ಕತ್ತರಿಸಿ ಅವಳ ಬಾಯಿಗೆ. ಕೋಳಿಯದಾದರೆ ರೆಕ್ಕೆಯ ಚೂರು. ಅವಳು ನೊರೆಗೈ ಎತ್ತುತ್ತಿದ್ದಳು: ಒಂದು ಬೆರಳೆಂದರೆ ಉಪ್ಪು, ಎರಡೆಂದರೆ ನಿಂಬೆ, ಮುಷ್ಟಿ ಹಿಡಿದರೆ ಕಳಿಸು. ಎರಡು ವರ್ಷ ಇಡೀ ಹೋಟೆಲು ನಡೆದದ್ದು ಆ ಮುಷ್ಟಿಯ ಮೇಲೆ. ಅವಳ ಸಂಬಳ ಮಾತ್ರ ತಟ್ಟೆ ತೊಳೆಯುವವಳದು.

ಗೋಡೆಯ ಮೇಲೆ ಯಜಮಾನರು ಅಂಟಿಸಿದ ಒಂದು ಹಾಳೆ ಇತ್ತು. ಅಡುಗೆಮನೆಯ ಕೆಲಸದವರು ಗಿರಾಕಿಯ ಪದಾರ್ಥವನ್ನು ಬಾಯಿಗಿಟ್ಟರೆ ಅವತ್ತೇ ಮನೆಗೆ. ಮುಖ್ಯ ಅಡುಗೆಯವನು ರುಚಿ ನೋಡಬಹುದು. ಇಂಥ ಹಾಳೆ ಬರೆಯುವವರು ಅಡುಗೆಮನೆಯಲ್ಲಿ ನಿಲ್ಲುವವರಲ್ಲ, ಅದು ಎಲ್ಲ ಕಡೆಯೂ ಹಾಗೇ. ಮಂಗಳವಾರ ಯಜಮಾನರು ಫ್ರಿಜ್ಜಿನ ಬಾಗಿಲು ಸರಿಯಾಗಿ ಮುಚ್ಚುತ್ತದೆಯೇ ನೋಡಲು ಒಳಗೆ ಬಂದವರು ಅವಳ ಕೆನ್ನೆ ಉಬ್ಬಿದ್ದನ್ನು ನೋಡಿದರು.

"ಬಾಯಲ್ಲಿ ಏನಮ್ಮ?"

ಅವಳು ಒಂದೇ ಒಂದು ಸಲ ಕೆಂಡಣ್ಣನ ಕಡೆ ನೋಡಿದಳು. ಅಗಿದು, ನುಂಗಿ, "ಆಕ್ಟೋಪಸ್ ಸಾರ್" ಎಂದಳು.

ನಾನೇ ಕೊಟ್ಟೆ ಎಂದು ಕೆಂಡಣ್ಣ ಹೇಳಬಹುದಿತ್ತು. ಹೇಳಿದ್ದರೆ ಮುಂದಿನ ಪ್ರಶ್ನೆ ತಯಾರಿತ್ತು: ರುಚಿ ನೋಡಲು ನಿನಗೇನಾಗಿದೆ? ಆ ಪ್ರಶ್ನೆಗೆ ಹೆದರಿ ಅವನು ಇಕ್ಕಳದಿಂದ ಕೋಳಿಯನ್ನು ತಿರುಗಿಸಿದ. ಅದು ಇನ್ನೂ ತಿರುಗಿಸುವ ಹದಕ್ಕೆ ಬಂದಿರಲಿಲ್ಲ. ಚರ್ಮ ಕಂಬಿಗೆ ಅಂಟಿ ಹರಿಯಿತು.

ಬುಧವಾರ ತೊಟ್ಟಿಯ ಜಾಗಕ್ಕೆ ತಟ್ಟೆ ತೊಳೆಯುವ ಯಂತ್ರ ಬಂತು. ಕೆಂಡಣ್ಣ ಅಳತೆಯ ಚಮಚ ಹಿಡಿದ. ಕೋಳಿಗೆ ಅಳತೆ ಒಪ್ಪುತ್ತದೆ. ಇಷ್ಟು ತೂಕಕ್ಕೆ ಇಷ್ಟು ಬೆಳ್ಳುಳ್ಳಿ, ಇಷ್ಟು ಮೆಣಸಿನಕಾಯಿ, ಇಷ್ಟು ಉಪ್ಪು. ಆಕ್ಟೋಪಸ್ ಒಪ್ಪುವುದಿಲ್ಲ. ಒಂದೊಂದು ಪ್ರಾಣಿಯೂ ತನ್ನ ಪಾಲಿನ ಸಮುದ್ರವನ್ನು ಹೊತ್ತುಕೊಂಡೇ ಬರುತ್ತದೆ. ನಿನ್ನೆಯದು ಸಪ್ಪೆ, ಇವತ್ತಿನದು ಉಪ್ಪಿನ ಮೂಟೆ. ಬೇಯಿಸಿದ ನೀರನ್ನು ಯಾರಾದರೂ ನಾಲಿಗೆಗೆ ಮುಟ್ಟಿಸಿ ನೋಡಲೇಬೇಕು. ಗುರುವಾರ ಹನ್ನೊಂದು ತಟ್ಟೆಗಳು ಒಂದೊಂದು ಕಚ್ಚಿನೊಂದಿಗೆ ಹಿಂದಿರುಗಿದವು. ಯಂತ್ರ ಅವನ್ನು ಮಾತಿಲ್ಲದೆ ತೊಳೆಯಿತು.

ಅದೇ ಸಂಜೆ ಯಜಮಾನರು ಹೇಳಿದರು: "ಶನಿವಾರ ಮಧ್ಯಾಹ್ನ ಹತ್ತು ಜನ ಬರ್ತಾರಯ್ಯ. ಹೊಸ ಹೋಟೆಲಿಗೆ ಕಟ್ಟಡ ಕೊಡೋರು. ನಿನ್ನ ಕೈಯಲ್ಲಿದೆ ನೋಡು."

ಶುಕ್ರವಾರ ಹೋಟೆಲಿಗೆ ರಜೆ. ಕೆಂಡಣ್ಣ ಬೆಳಿಗ್ಗೆ ಎದ್ದು ಕೋಳಿಯೊಂದರ ಬೆನ್ನುಮೂಳೆಯನ್ನು ಕತ್ತರಿಯಿಂದ ಕತ್ತರಿಸಿ ತೆಗೆದ. ಅದನ್ನು ಪುಸ್ತಕದ ಹಾಗೆ ಬಿಡಿಸಿ, ಎದೆಯ ಮೇಲೆ ಅಂಗೈ ಇಟ್ಟು ಒತ್ತಿ ಚಪ್ಪಟೆ ಮಾಡಿದ. ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ನಿಂಬೆರಸ, ಒಂದಿಷ್ಟು ವಿನೆಗರ್, ಎಣ್ಣೆ ರುಬ್ಬಿ ಸಂದುಗೊಂದಿಗೆಲ್ಲ ಸವರಿ ಡಬ್ಬಿಗೆ ಹಾಕಿದ. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಕೆಲಸ ಹೋದ್ರೆ ಹೋಗ್ಲಿ ಅನ್ನೋ ಧೈರ್ಯ ನನಗಿಲ್ಲ. ಅವಳ ಮನೆಗೆ ಹೋಗಬೇಡ ಅನ್ನೋ ಮುಖಾನೂ ಇಲ್ಲ. ಡಬ್ಬಿ ವಾಪಸ್ ತಗೊಂಡು ಬಾ" ಎಂದಳು.

ದಾರಿಯಲ್ಲಿ ಒಂದು ಆಕ್ಟೋಪಸ್, ಒಂದು ಚೀಲ ಇದ್ದಿಲು ಕೊಂಡು ನೊರೆಯಕ್ಕನ ಮನೆಯ ಮೂರು ಮಹಡಿ ಹತ್ತಿದ. ಬಾಗಿಲು ತಟ್ಟಿದಾಗ ಒಳಗಿಂದ ಅವಳ ಅತ್ತೆಯ ದನಿ ಬಂತು.

"ಯಾರದು?"

"ನಾನು ಅಮ್ಮ, ಹೋಟೆಲಿನ ಒಲೆಯವನು."

"ಓ, ಬಾಯಿಲ್ಲದವನಾ!" ಬಾಗಿಲು ತೆರೆಯಿತು. ಮುದುಕಿ ಅವನನ್ನು ಬಿಟ್ಟು ಅವನ ಕೈಯ ಚೀಲವನ್ನು ನೋಡಿದಳು. ಚೀಲದ ಬಾಯಿಂದ ಒಂದು ಕಾಲು ಇಣುಕುತ್ತಿತ್ತು. "ನೋಡೇ ಇಲ್ಲಿ, ಎರಡು ಕಾಲಿನವನಿಗೆ ಒಬ್ಬನೇ ಬರೋಕೆ ಹೆದರಿಕೆಯಾಗಿ ಎಂಟು ಕಾಲಿನವನ್ನ ಜೊತೆಗೆ ಕರ್ಕೊಂಡು ಬಂದಿದ್ದಾನೆ!"

ನೊರೆಯಕ್ಕ ಒಳಗಿಂದ ಬಂದಳು. ಅವಳ ಕೈಗಳು ಒಣಗಿದ್ದನ್ನು ಅವನು ನೋಡಿದ್ದು ಅದೇ ಮೊದಲು. ಬೆರಳುಗಳೆಲ್ಲ ಬಿಳಿಚಿ ಬಿರುಕು ಬಿಟ್ಟಿದ್ದವು.

"ತಪ್ಪಾಯ್ತಕ್ಕ" ಎಂದ.

"ಆಯ್ತು. ಮೊದಲು ನೀರಿಗಿಡೋಣ ಬಾ. ಅದು ಬೇಯೋಕೇ ಒಂದು ಗಂಟೆ ಬೇಕು, ನಿನ್ನ ತಪ್ಪು ಅಲ್ಲೀವರೆಗೆ ಕಾಯುತ್ತೆ."

ದೊಡ್ಡ ಪಾತ್ರೆಯಲ್ಲಿ ನೀರು ಕುದಿಯಿತು. ಕೆಂಡಣ್ಣ ಆಕ್ಟೋಪಸ್ಸಿನ ತಲೆ ಹಿಡಿದು ಮೂರು ಸಲ ಅದ್ದಿ ಅದ್ದಿ ಎತ್ತಿದ. ಪ್ರತಿ ಸಲವೂ ಕಾಲುಗಳು ಒಳಕ್ಕೆ ಸುರುಳಿಯಾಗಿ, ಮೂರನೆಯದಕ್ಕೆ ಹೂವಿನಂತೆ ನಿಂತವು. ಮುದುಕಿ ಸ್ಟೂಲು ಎಳೆದುಕೊಂಡು ಕೂತಳು.

"ಯಾಕಪ್ಪ ಅದನ್ನ ಹಾಗೆ ಮುಳುಗಿಸಿ ಎತ್ತಿ ಹಿಂಸೆ ಮಾಡ್ತೀಯ?"

"ಹಾಗೆ ಮಾಡಿದ್ರೆ ಚರ್ಮ ಕಿತ್ಕೊಂಡು ಬರಲ್ಲ ಅಮ್ಮ."

"ನಮ್ಮ ಸೊಸೇನ ಒಂದೇ ಸಲ ಮುಳುಗಿಸಿದ್ರಲ್ಲ, ಅದಕ್ಕೇ ಚರ್ಮ ಕಿತ್ಕೊಂಡು ಬಂದಿರಬೇಕು."

"ಅತ್ತೆ, ಸಾಕು" ಎಂದಳು ನೊರೆಯಕ್ಕ, ನಗು ತಡೆದುಕೊಂಡು.

ಈರುಳ್ಳಿಯೊಂದನ್ನು ಇಡಿಯಾಗಿ ಹಾಕಿ ಉರಿ ಇಳಿಸಿದರು. ಉಪ್ಪು ಹಾಕಲಿಲ್ಲ. ಕಾಲು ಗಂಟೆಯಲ್ಲಿ ನೀರು ತಿಳಿ ನೇರಳೆಗೆ ತಿರುಗಿತು. ಬಾಲ್ಕನಿಯಲ್ಲಿ ಹಳೆಯ ಕಬ್ಬಿಣದ ಬೋಗುಣಿಯೊಂದಿತ್ತು; ಅದರಲ್ಲಿ ಇದ್ದಿಲು ಹೊತ್ತಿಸಿ, ಫ್ರಿಜ್ಜಿನ ತಂತಿಯ ತಟ್ಟೆಯನ್ನು ಮೇಲಿಟ್ಟರು. ಜ್ವಾಲೆ ಹೋಗಿ ಇದ್ದಿಲಿಗೆ ಬೂದಿಯ ಹೊದಿಕೆ ಬರುವವರೆಗೆ ಕೆಂಡಣ್ಣ ಕೋಳಿಯನ್ನು ಮುಟ್ಟಲಿಲ್ಲ. ಆಮೇಲೆ ಮೂಳೆಯ ಕಡೆ ಕೆಳಗಾಗಿಸಿ ಮಲಗಿಸಿದ. ಪೋರ್ಚುಗೀಸ್ ಕೋಳಿಯ ಗುಟ್ಟೇ ಅದು. ಮೂಳೆ ಕಾದು, ಒಳಗಿನಿಂದ ಮಾಂಸವನ್ನು ಬೇಯಿಸಬೇಕು. ಚರ್ಮದ ಸರದಿ ಕೊನೆಗೆ. ಉಳಿದ ಮಸಾಲೆಗೆ ಎಣ್ಣೆ ಬೆರೆಸಿ ಈರುಳ್ಳಿ ಸೊಪ್ಪಿನ ಕಟ್ಟಿನಿಂದ ಬಳಿಯುತ್ತ ಹೋದ. ಎಣ್ಣೆ ಹನಿದಾಗ ಕೆಂಡ ಸಿಡುಕಿತು, ಹೊಗೆ ಎದ್ದು ಪಕ್ಕದ ಮನೆಯ ಕಿಟಕಿಯೊಳಗೆ ಹೋಯಿತು. ಆ ಕಿಟಕಿಯಿಂದ ಯಾರೋ "ಏನ್ರೀ ವಿಶೇಷ?" ಎಂದು ಕೂಗಿದರು. "ಅಪರಾಧಿ ಅಡುಗೆ ಮಾಡ್ತಿದ್ದಾನೆ!" ಎಂದು ಮುದುಕಿ ಕೂಗಿ ಹೇಳಿದಳು.

ಆಕ್ಟೋಪಸ್ಸಿನ ಕಾಲಿನ ದಪ್ಪ ಭಾಗಕ್ಕೆ ಚಾಕು ಬೆಣ್ಣೆಗೆ ಇಳಿದಂತೆ ಇಳಿದಾಗ ಅದನ್ನು ತೆಗೆದು, ಆರಿಸಿ, ಬಟ್ಟೆಯಿಂದ ಒತ್ತಿ ಒಣಗಿಸಿದರು. ಒದ್ದೆ ಕಾಲು ಕೆಂಡದ ಮೇಲೆ ಬೇಯುತ್ತದೆಯೇ ಹೊರತು ಸುಡುವುದಿಲ್ಲ. ನೊರೆಯಕ್ಕ ಪಾತ್ರೆಯ ನೀರನ್ನು ಚಮಚದಲ್ಲಿ ಎತ್ತಿ ನಾಲಿಗೆಗೆ ಮುಟ್ಟಿಸಿದಳು.

"ಇದಕ್ಕೆ ಉಪ್ಪೇ ಬೇಡ ಅಣ್ಣ. ಬರೀ ಎಣ್ಣೆ, ಬೆಳ್ಳುಳ್ಳಿ, ಇಳಿಸಿದ ಮೇಲೆ ನಿಂಬೆ."

ಕೆಂಡದ ತೀರ ಹತ್ತಿರ, ಒಂದೊಂದು ಕಡೆ ಎರಡೆರಡೇ ನಿಮಿಷ. ಕಾಲಿನ ಅಡಿಯ ಹೀರುಬಟ್ಟಲುಗಳ ಅಂಚು ಕರ್ರಗಾಗಿ ಗರಿಗರಿಯಾಯಿತು. ಮೂವರೂ ಬಾಲ್ಕನಿಯ ನೆಲದ ಮೇಲೆಯೇ ಕೂತು ತಿಂದರು. ಕೆಂಡಣ್ಣನ ಹಲ್ಲಿಗೆ ಸುಟ್ಟ ಹೊರಪದರ ಕರುಂ ಎಂದಿತು, ಒಳಗಿನ ಮೆತ್ತನೆ ಸ್ವಲ್ಪ ತಡೆದು ಆಮೇಲೆ ಸೋತಿತು. ಅವನಿಗೆ ಉಳಿದಿದ್ದ ಸುಖ ಅಷ್ಟು: ಬಿಸಿ, ಗರಿ, ಮೃದು. ಅದೂ ಕಡಿಮೆಯದಲ್ಲ.

"ಹೇಗಿದೆ?" ಎಂದ.

"ತಡಿ, ಅವಸರ ಮಾಡಬೇಡ." ಅವಳು ಕಣ್ಣು ಮುಚ್ಚಿದಳು. "ಮೊದಲು ಹೊಗೆ ಬಂತು. ಅದರ ಹಿಂದೆ ಉಪ್ಪು, ಅದರದ್ದೇ ಉಪ್ಪು, ನಾವು ಹಾಕಿದ್ದಲ್ಲ. ನಿಂಬೆ ನಡುವೆ ಬಂದು ಮೂಗು ತೂರಿಸ್ತು. ಕೊನೇಲಿ ಒಂಥರಾ ಸಿಹಿ ಇದೆ ಅಣ್ಣ. ಸಕ್ಕರೆ ಸಿಹಿ ಅಲ್ಲ, ಈಗಷ್ಟೇ ಸುಲಿದ ಎಳೇ ಬಟಾಣಿ ಇರುತ್ತಲ್ಲ, ಅದು."

ಅವನು ಇನ್ನೊಂದು ತುಂಡನ್ನು ಬಾಯಿಗಿಟ್ಟು, ಅವಳು ಹೇಳಿದ ಕ್ರಮದಲ್ಲೇ ಮೆಲ್ಲಗೆ ಅಗಿದ. ಹೊಗೆ. ಉಪ್ಪು. ನಿಂಬೆ. ಬಟಾಣಿ. ಬಾಯಿಗೆ ಏನೂ ಬರಲಿಲ್ಲ, ಆದರೆ ತಲೆಗೆ ಬಂತು.

ಮುದುಕಿ ಕೋಳಿಯ ತೊಡೆಯನ್ನು ಹಿಡಿದು ಇದ್ದ ಆರು ಹಲ್ಲಿಗೂ ಕೆಲಸ ಕೊಟ್ಟಿದ್ದಳು. ಖಾರಕ್ಕೆ ಕಣ್ಣು ಮೂಗು ಎರಡೂ ಸುರಿಯುತ್ತಿದ್ದವು. "ಕೋಳಿ ಮಾತ್ರ ಕ್ಷಮಿಸೋ ಹಾಗಿದೆ" ಎಂದಳು.

ಆಗ ಕೆಂಡಣ್ಣ ತಾನು ಬಂದ ಕಾರಣವನ್ನು ಹೇಳಿದ. ಶನಿವಾರ ಹತ್ತು ಜನ. ಬಡಿಸುವವನ ಕೈಯಲ್ಲಿ ಒಂದು ಸಣ್ಣ ಡಬ್ಬಿ ಕಳಿಸುತ್ತೇನೆ, ಸೈಕಲ್ಲಿನಲ್ಲಿ ಹತ್ತು ನಿಮಿಷದ ದಾರಿ. ನೀನು ರುಚಿ ನೋಡಿ, ಒಂದು ಬೆರಳೋ ಎರಡೋ ಹೇಳಿ ಕಳಿಸು. ಆಮೇಲೆ ಯಜಮಾನರಿಗೆ ನಿಧಾನವಾಗಿ, ಸಮಯ ನೋಡಿಕೊಂಡು...

ನೊರೆಯಕ್ಕ ತಿನ್ನುವುದನ್ನು ನಿಲ್ಲಿಸಿದಳು. ಕೋಪ ಮಾಡಿಕೊಳ್ಳಲಿಲ್ಲ. ಕೋಪ ಮಾಡಿಕೊಂಡಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

"ಕದ್ದು ತಿಂದೆ ಅಂತ ಕಳಿಸಿದ್ರು. ಈಗ ನೀನು ಕದ್ದು ರುಚಿ ನೋಡು ಅಂತೀಯ."

"ಹಾಗಲ್ಲ ಅಕ್ಕ..."

"ಎರಡು ಕಡೆ ಕೆಲಸ ಕೇಳೋಕೆ ಹೋಗಿದ್ದೆ. ಇಬ್ಬರೂ ನಿಮ್ಮ ಯಜಮಾನರಿಗೆ ಫೋನ್ ಮಾಡಿದ್ರು. 'ಅವಳ ಕೈ ಶುದ್ಧ ಇಲ್ಲ' ಅಂದ್ರಂತೆ. ಹಗಲೆಲ್ಲ ಸೋಪಿನ ನೀರಲ್ಲಿ ಇರೋ ಕೈ ಅಣ್ಣ ಇದು." ಬಿರುಕುಬಿಟ್ಟ ಬೆರಳುಗಳನ್ನು ಮುಂದೆ ಚಾಚಿದಳು. "ಕೆಲಸ ವಾಪಸ್ ಕೊಡಿಸು ಅಂತ ನಾನು ನಿನ್ನ ಕೇಳಲ್ಲ. ನಿನಗೆ ಹೆಂಡತಿ ಇದ್ದಾಳೆ, ಬಾಡಿಗೆ ಇದೆ, ನನಗೆ ಗೊತ್ತಿಲ್ವಾ? ಆದ್ರೆ ಕಳ್ಳಿ ಅನ್ನೋ ಮಾತನ್ನ ವಾಪಸ್ ತರೋಕಾಗೋದು ನಿನಗೊಬ್ಬನಿಗೇ. ತರಬೇಕು ಅನ್ನಿಸಿದ್ರೆ ತಾ. ಇಲ್ಲದಿದ್ರೆ ಊಟ ಮಾಡು, ಆರಿಹೋಗುತ್ತೆ."

ಅವನು ಊಟ ಮಾಡಿದ. ಡಬ್ಬಿ ತೊಳೆದು ಕೊಡಲು ಅವಳು ಕೈ ಚಾಚಿದಾಗ ಕೊಡಲಿಲ್ಲ. ತಾನೇ ತೊಳೆದುಕೊಂಡು ಮೆಟ್ಟಿಲಿಳಿದ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಒಲೆ ಹೊತ್ತಿಸಿದ. ನಾಲ್ಕು ಆಕ್ಟೋಪಸ್, ಆರು ಕೋಳಿ. ಹನ್ನೆರಡೂವರೆಗೆ ಹತ್ತು ಜನರೂ ಬಂದು ಕೂತರು. ನಗುವಿನ ಸದ್ದು ಬಾಗಿಲು ದಾಟಿ ಬರುತ್ತಿತ್ತು. ಕಾಲುಗಳು ಹದವಾಗಿ ಕರಿದಂಚು ಕಟ್ಟಿದ್ದವು, ಕೋಳಿಯ ಚರ್ಮ ಇಟ್ಟಿಗೆಯ ಬಣ್ಣಕ್ಕೆ ಬಂದಿತ್ತು. ಕಣ್ಣಿಗೆ ಎಲ್ಲವೂ ಸರಿಯಿತ್ತು. ಬಡಿಸುವವನು ಹತ್ತು ತಟ್ಟೆಗಳನ್ನು ಸಾಲಾಗಿಟ್ಟುಕೊಂಡು ಕಾಯುತ್ತಿದ್ದ. ಯಜಮಾನರು ಕೈ ಉಜ್ಜಿಕೊಳ್ಳುತ್ತ ಒಳಗೆ ಬಂದರು.

"ಆಯ್ತಾ? ಹಸಿದು ಕೂತಿದ್ದಾರೆ."

"ಸಾರ್, ಒಂದು ಮಾತಿದೆ."

"ಈಗಲಾ?"

"ಈಗಲೇ." ಕೆಂಡಣ್ಣ ಇಕ್ಕಳವನ್ನು ಕೆಳಗಿಟ್ಟ. "ಮಂಗಳವಾರ ಆ ತುದೀನ ಅವಳಿಗೆ ಕೊಟ್ಟಿದ್ದು ನಾನು. ಎರಡು ವರ್ಷದಿಂದ ನಾನೇ ಕೊಡ್ತಿದ್ದೀನಿ. ನನಗೆ ಜ್ವರ ಬಂದಾಗಿನಿಂದ ರುಚಿ ತಿಳಿಯಲ್ಲ ಸಾರ್, ವಾಸನೇನೂ ಇಲ್ಲ. ಅವಳು ನೋಡಿ ಹೇಳ್ತಿದ್ಲು, ನಾನು ಕಳಿಸ್ತಿದ್ದೆ. ಅವಳು ಕದ್ದಿಲ್ಲ."

ಬಡಿಸುವವನ ಕೈಯಿಂದ ಒಂದು ತಟ್ಟೆ ಜಾರಿತು, ಒಡೆಯಲಿಲ್ಲ. ಯಜಮಾನರು ಕೂಗಾಡುವ ಪೈಕಿಯಲ್ಲ. ಅವರು ಬಾಗಿಲನ್ನು ಮೆಲ್ಲಗೆ ಮುಚ್ಚಿದರು.

"ಇದು ಯಾರ್ಯಾರಿಗೆ ಗೊತ್ತು?"

ಮೊದಲ ಪ್ರಶ್ನೆ ಅದು. ನಿನಗೆ ಹೇಗಿದೆ ಎಂದಲ್ಲ, ಅವಳು ಈಗ ಎಲ್ಲಿದ್ದಾಳೆ ಎಂದೂ ಅಲ್ಲ.

"ಅವಳಿಗೆ, ನನ್ನ ಹೆಂಡತಿಗೆ. ಈಗ ನಿಮಗೆ, ಈ ಬಡಿಸೋನಿಗೆ."

"ಸರಿ, ಇಲ್ಲಿಗೇ ನಿಲ್ಲಲಿ." ಯಜಮಾನರು ಒಲೆಯ ಅಂಚಿನಿಂದ ಒಂದು ಸುಟ್ಟ ತುದಿಯನ್ನು ಎತ್ತಿ ಬಾಯಿಗೆ ಹಾಕಿಕೊಂಡರು. ಅಗಿದರು. "ಉಪ್ಪು ಒಂದಿಷ್ಟು ಮುಂದಿದೆ. ನಡೆಯುತ್ತೆ, ನಿಂಬೆ ಜಾಸ್ತಿ ಹಿಂಡು. ನೋಡಯ್ಯ, ನಾನು ಯಾರ ಹೊಟ್ಟೆ ಮೇಲೂ ಹೊಡೆಯೋನಲ್ಲ. ನೀನೂ ಇರು. ಸೋಮವಾರದಿಂದ ಅವಳೂ ಬರಲಿ, ಮೊದಲಿನ ಹಾಗೇ ಯಾರಿಗೂ ಕಾಣದ ಹಾಗೆ ರುಚಿ ನೋಡಿಕೊಂಡಿರಲಿ. ಒಂದೇ ಒಂದು ಕೆಲಸ. 'ಕದ್ದು ತಿಂದೆ, ತಪ್ಪಾಯ್ತು, ಇನ್ನು ಮುಂದೆ ಮಾಡಲ್ಲ' ಅಂತ ಒಂದು ಚೀಟಿ ಅವಳ ಕೈಲಿ ಬರೆಸಿಕೊಂಡು ಬಾ. ನೀನು ಹೋದ್ರೆ ಬರೀತಾಳೆ."

"ಅವಳು ಕದ್ದಿಲ್ಲ ಅಂದೆನಲ್ಲ ಸಾರ್."

"ನನಗೆ ಅರ್ಥವಾಯ್ತಲ್ಲ. ಚೀಟಿ ಗೋಡೆಗೆ. ಸುಮ್ಮನೆ ವಾಪಸ್ ಕರ್ಕೊಂಡ್ರೆ ನಾಳೆ ಉಳಿದವರೆಲ್ಲ ಪಾತ್ರೆಗೆ ಕೈ ಹಾಕ್ತಾರೆ. ಒಂದು ಸಾಲು ಬರೆದ್ರೆ ಅವಳ ಗಂಟೇನು ಹೋಗುತ್ತೆ?"

ಬಡಿಸುವವನು ಕೆಂಡಣ್ಣನ ಕಡೆ ಕಣ್ಣು ಮಿಟುಕಿಸಿದ: ಒಪ್ಪಿಕೋ ಮಾರಾಯ. ಒಪ್ಪಿಕೊಳ್ಳಬಹುದಾದ ಮಾತೇ. ತನ್ನ ಕೆಲಸ ಉಳಿಯುತ್ತದೆ. ಅವಳಿಗೂ ಕೆಲಸ ಸಿಗುತ್ತದೆ. ಮುದುಕಿ ಮತ್ತೆ ಬಯ್ಯಬಹುದು, ಬಯ್ದು ಉಣ್ಣಬಹುದು. ಹೆಂಡತಿ ರಾತ್ರಿ ನಿದ್ದೆ ಮಾಡುತ್ತಾಳೆ. ಎಲ್ಲರಿಗೂ ಎಲ್ಲವೂ ಉಳಿದು, ಅವಳ ಹೆಸರು ಮಾತ್ರ ಗೋಡೆಗೆ ಅಂಟಿಕೊಳ್ಳುತ್ತದೆ, ಅವಳದ್ದೇ ಅಕ್ಷರದಲ್ಲಿ.

"ಏನು ಯೋಚನೆ? ಚೀಟಿ ಸಂಜೆಗಾಗಲಿ. ಈಗ ತಟ್ಟೆ ಕಳಿಸು."

ಕೆಂಡಣ್ಣ ಇಕ್ಕಳ ಎತ್ತಿಕೊಂಡ. ಕಾಲುಗಳನ್ನು ಒಂದೊಂದಾಗಿ ಕೆಂಡದ ಮೇಲಿಂದ ಎತ್ತಿ, ಒಲೆಯ ತಣ್ಣನೆಯ ಅಂಚಿಗೆ ಸರಿಸಿದ. ಕೋಳಿಗಳನ್ನೂ ಸರಿಸಿದ. ಒಂದನ್ನೂ ತಟ್ಟೆಗೆ ಹಾಕಲಿಲ್ಲ.

"ಚೀಟಿ ತರಲ್ಲ ಸಾರ್."

"ಅದನ್ನ ಆಮೇಲೆ ಮಾತಾಡೋಣ ಅಂದೆನಲ್ಲ. ಹೊರಗೆ ಹತ್ತು ಜನ ಕೂತಿದ್ದಾರೆ. ತಟ್ಟೆ ಕಳಿಸು."

"ಇಲ್ಲ ಸಾರ್," ಎಂದ ಕೆಂಡಣ್ಣ. "ಕಳಿಸಲ್ಲ."